ಶರಾವತಿ ಕರೆಂಟು ಅಂತ ಸುಮ್ನೆ ಬಿಡಬೇಡಿ

‘ನಮ್ಮದು ಶರಾವತಿ ಕರೆಂಟಲ್ವಾ, ಮಗನ ಎಕ್ಸ್‌ಬಾಕ್ಸ್ ಗೇಮ್ ಕನ್ಸೋಲ್ ರಾತ್ರಿಯಿಡೀ ಪೂರ್ತಿ ಆಫ್ ಆಗದೆ ಸ್ಲೀಪ್‌ನಲ್ಲಿದ್ದರೆ ಪರಿಸರಕ್ಕೇನು ನಷ್ಟ’ ಅಂತ ಕೇಳಿದ್ದೀರಿ. ನಾನೂ ಸಾಗರದವನೇ, ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಲಿಂಗನಮಕ್ಕಿ ನೀರಿನ ಕರೆಂಟು ನೇರ ನಮ್ಮ ಮನೆಗೇ ಬರುವುದಿಲ್ಲ. ಎಲ್ಲವೂ ಒಂದೇ ಗ್ರಿಡ್‌ಗೆ, ಅಂದರೆ ಎಲ್ಲರ ಕರೆಂಟು ಹರಿಯುವ ತಂತಿಜಾಲಕ್ಕೆ ಸೇರುತ್ತದೆ, ರಾಯಚೂರಿನ ಕಲ್ಲಿದ್ದಲಿನದೂ ಅದರಲ್ಲೇ ಇದೆ. ನಾವಿಲ್ಲಿ ಉಳಿಸಿದರೆ ಎಲ್ಲೋ ಅಷ್ಟು ಕಲ್ಲಿದ್ದಲು ಉಳಿಯಬಹುದು.

ಲೆಕ್ಕ ನೋಡಿ. ಎಕ್ಸ್‌ಬಾಕ್ಸ್‌ನ ಸೀರೀಸ್ ಎಕ್ಸ್ ಮಾದರಿ ಸ್ಲೀಪ್‌ನಲ್ಲಿ ಸುಮಾರು 10ರಿಂದ 15 ವಾಟ್ ಎಳೆಯುತ್ತದೆ. ಮಗ ದಿನಕ್ಕೆ 2 ಗಂಟೆ ಆಡುತ್ತಾನೆ ಅಂದುಕೊಳ್ಳಿ, ಉಳಿದ 22 ಗಂಟೆ ಅದು ಸುಮ್ನೆ ಕೂತೇ ಕುಡಿಯುತ್ತದೆ. 10 ವಾಟ್ ಅಂತ ಹಿಡಿದರೂ ತಿಂಗಳಿಗೆ ಆರೂವರೆ ಯೂನಿಟ್! ಸೆಟ್ಟಿಂಗ್ಸ್‌ನ ಪವರ್ ಆಯ್ಕೆಯಲ್ಲಿ ಸ್ಲೀಪ್ ಬದಲು ಶಟ್‌ಡೌನ್ ಹಾಕಿ, ಅರ್ಧ ವಾಟ್‌ಗೆ ಇಳಿಯುತ್ತದೆ. ಅಪ್‌ಡೇಟು ಆಗಲೂ ಆಗುತ್ತದೆ. ಆನ್ ಆಗುವುದು ಸ್ವಲ್ಪ ತಡ, ಮಗ ಗೊಣಗಬಹುದು.

ಇನ್ನೊಂದು, ಯುಗಾದಿ ಕಳೆದು ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತಿಡಿ. ಒಂದು ಕನ್ಸೋಲ್ ಸುಟ್ಟರೆ ಕಸವೂ ನಮ್ಮದೇ, ಹೊಸದರ ಖರ್ಚೂ ನಮ್ಮದೇ. ನನ್ನ ಹಳೆಯದು ಇನ್ನೂ ಅಟ್ಟದ ಮೇಲೆ ಅಡಿಕೆ ಚೀಲದ ಪಕ್ಕ ಕೂತಿದೆ.