ಸಂಖ್ಯಾಶಾಸ್ತ್ರ ಓದಿದರೆ ಬೋಧನೆಯ ಹೊರತು ಬೇರೆ ಉದ್ಯೋಗವಿದೆಯೇ?

ಪಿಯುಸಿ ಮುಗಿಸಿ ಬಿಎಸ್‌ಸಿಯಲ್ಲಿ ಸಂಖ್ಯಾಶಾಸ್ತ್ರ ಓದಬೇಕೆಂದಿದ್ದೀರಿ. ಅದನ್ನು ಓದಿದವರಿಗೆ ಉಪನ್ಯಾಸಕ ಹುದ್ದೆ ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ಮನೆಯವರು ಹೇಳುತ್ತಿರುವುದಾಗಿ ಬರೆದಿದ್ದೀರಿ. ಇದೇ ವಿಷಯದಲ್ಲಿ ಎಂಎಸ್‌ಸಿ ಮಾಡಿ, ಬೆಂಗಳೂರಿನಲ್ಲಿ ಹೊಸ ಔಷಧಗಳ ಪ್ರಯೋಗದ ದತ್ತಾಂಶವನ್ನು ವಿಶ್ಲೇಷಿಸುವ ಕೆಲಸದಲ್ಲಿರುವ ನನಗೆ ಆ ಆತಂಕಕ್ಕೆ ಆಧಾರ ಕಾಣುವುದಿಲ್ಲ.

ಪ್ರಯೋಗಕ್ಕೆ ಒಬ್ಬ ರೋಗಿಯೂ ಸೇರುವ ಮೊದಲೇ, ಒಟ್ಟು ಎಷ್ಟು ಮಂದಿ ಬೇಕು, ಯಾರಿಗೆ ಹೊಸ ಔಷಧ, ಯಾರಿಗೆ ಈಗಾಗಲೇ ಬಳಕೆಯಲ್ಲಿರುವುದು ಎಂಬುದನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಹೇಗೆ ಹಂಚಬೇಕು ಎಂದು ಲೆಕ್ಕ ಹಾಕುವವರು ನಾವು. ಯಾರಿಗೆ ಯಾವುದು ಸಿಕ್ಕಿತ್ತೆಂಬ ಗುಟ್ಟು ಬಿಚ್ಚುವ ಮುನ್ನವೇ ವಿಶ್ಲೇಷಣೆಯ ವಿಧಾನವನ್ನು ಬರೆದು ಸಹಿ ಮಾಡಿರಬೇಕು. ಇಲ್ಲದಿದ್ದರೆ ಬೇಕಾದ ಉತ್ತರ ಬರುವವರೆಗೂ ವಿಧಾನ ಬದಲಿಸುತ್ತ ಹೋಗಲು ಯಾವ ತಡೆಯೂ ಇರುವುದಿಲ್ಲ. ತರಗತಿಯಲ್ಲಿ ನೀರಸವೆನಿಸುವ ಪ್ರಾಕ್ಕಲ್ಪನೆ ಪರೀಕ್ಷೆಯ (ಒಂದು ಊಹೆಯನ್ನು ದತ್ತಾಂಶಕ್ಕೆ ಒಡ್ಡಿ ನೋಡುವ ವಿಧಾನದ) ಪಾಠದ ಮೇಲೆ ಇಲ್ಲಿ ಎಷ್ಟೋ ಜನರ ಚಿಕಿತ್ಸೆ ನಿಂತಿರುತ್ತದೆ.

ಸರ್ಕಾರಿ ಸೇವೆ ಇಷ್ಟವಾದರೆ, ಯುಪಿಎಸ್‌ಸಿ ನಡೆಸುವ ಭಾರತೀಯ ಸಾಂಖ್ಯಿಕ ಸೇವೆಯ ಪರೀಕ್ಷೆಗೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿದ್ದರೆ ಸಾಕು. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದಲ್ಲಿಯೂ ಹುದ್ದೆಗಳಿವೆ. ಬೆಳೆ ವಿಮೆಯ ಪರಿಹಾರಕ್ಕೆ ಆಧಾರವಾಗುವ ಬೆಳೆ ಕಟಾವು ಪ್ರಯೋಗದಲ್ಲಿ, ಅಂದರೆ ಆಯ್ದ ಹೊಲದ ಬೆಳೆ ಕೊಯ್ದು ಇಳುವರಿ ಅಳೆಯುವಾಗ, ಹೊಲವನ್ನು ಯಾರ ಇಷ್ಟಕ್ಕೂ ಬಿಡದೆ ಯಾದೃಚ್ಛಿಕ ಸಂಖ್ಯೆಯಿಂದ ಆರಿಸುತ್ತಾರೆ. ಆ ನಿಯಮ ತಪ್ಪಿದರೆ ನಷ್ಟ ರೈತನಿಗೋ ವಿಮಾ ನಿಧಿಗೋ ತಟ್ಟುತ್ತದೆ. ವಿಮಾ ಕಂಪನಿಗಳಲ್ಲಿ ಅಪಾಯವನ್ನೂ ಕಂತನ್ನೂ ಲೆಕ್ಕ ಹಾಕುವ ಆಕ್ಚುಯರಿ ಹುದ್ದೆಗೆ ಪ್ರತ್ಯೇಕ ವೃತ್ತಿಪರ ಪರೀಕ್ಷೆಗಳನ್ನು ವರ್ಷಗಟ್ಟಲೆ ಬರೆಯಬೇಕಾಗುತ್ತದೆ. ಬ್ಯಾಂಕುಗಳ ಸಾಲದ ಅಪಾಯದ ಅಂದಾಜು, ಡೇಟಾ ಸೈನ್ಸ್ ಇವುಗಳ ಬಗ್ಗೆ ನೀವು ಕೇಳಿಯೇ ಇರುತ್ತೀರಿ.

ಡೇಟಾ ಸೈನ್ಸ್‌ನ ಆಕರ್ಷಣೆಯಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಲಿಕೆಗೆ ಪೂರ್ತಿ ಸಮಯ ಕೊಟ್ಟು, ಸಂಭವನೀಯತೆಯನ್ನೂ, ಮಾದರಿಯಿಂದ ಇಡೀ ಸಮೂಹದ ಬಗ್ಗೆ ತೀರ್ಮಾನಕ್ಕೆ ಬರುವ ಅನುಮಿತಿಯನ್ನೂ ಪರೀಕ್ಷೆಗಷ್ಟೇ ಓದುವವರನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಸಾಫ್ಟ್‌ವೇರನ್ನು ಕೆಲಸಕ್ಕೆ ಸೇರಿದ ಮೇಲೂ ಕಲಿಯಬಹುದು, ಆದರೆ ಅನುಮಿತಿಯನ್ನು ನಿಧಾನವಾಗಿ ಕಲಿಸುವ ಬಿಡುವು ಕಚೇರಿಯಲ್ಲಿ ಯಾರಿಗೂ ಇರುವುದಿಲ್ಲ. ಆ ಪಾಠಗಳಲ್ಲಿ ನಿಮಗೆ ಎದುರಾಗುವ ಕ್ರಾಮರ್–ರಾವ್ ಮಿತಿಯ (ಅಂದಾಜು ಎಷ್ಟು ನಿಖರವಾಗಿರಬಹುದೆಂಬುದರ ಮಿತಿ) ರಾವ್ ಎಂದರೆ 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್. ಆ ಫಲಿತಾಂಶವನ್ನು ಅವರು 1945ರಲ್ಲಿ ಪ್ರಕಟಿಸಿದಾಗ ಅವರ ವಯಸ್ಸು ಸುಮಾರು 25.

ಪದವಿಯಲ್ಲಿ ಗಣಿತವನ್ನು ಕಡ್ಡಾಯವಾಗಿ ಜೊತೆಗಿಟ್ಟುಕೊಳ್ಳಿ. ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳ ಎಂಎಸ್‌ಸಿಗಾಗಲಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಪ್ರವೇಶ ಪರೀಕ್ಷೆಗಾಗಲಿ ಕಲನಶಾಸ್ತ್ರ ಮತ್ತು ರೇಖೀಯ ಬೀಜಗಣಿತ ಗಟ್ಟಿಯಾಗಿರಬೇಕು.