ಆಡಿನ ಹೃದಯ: ಎಡ ಯಾವುದು, ಬಲ ಯಾವುದು?

ಪ್ರಶ್ನೆ: ತರಗತಿಯಲ್ಲಿ ತೋರಿಸಲು ಮಟನ್ ಅಂಗಡಿಯಿಂದ ಆಡಿನ ಹೃದಯ ತಂದು ನಡುವೆ ಸೀಳಿದೆ. ಎಡ, ಬಲ ತಿಳಿಯಲಿಲ್ಲ; ಕವಾಟಗಳೂ ಹರಿದವು. ತಪ್ಪೆಲ್ಲಿ?
(ಶಿಕ್ಷಕಿ, ಕಾಪು)

ಉತ್ತರ: ಕತ್ತರಿಸುವ ಮೊದಲು ಬೆರಳಿನಿಂದ ಒತ್ತಿ ನೋಡಬೇಕಿತ್ತು. ಮೆತ್ತಗಿರುವುದು ಬಲ ಹೃತ್ಕುಕ್ಷಿ (ಹೃದಯದ ಕೆಳಕೋಣೆ), ಗಟ್ಟಿಯಾಗಿರುವುದು ಎಡ. ಎಡದ ಗೋಡೆ ಸುಮಾರು ಮೂರು ಪಟ್ಟು ದಪ್ಪ, ಏಕೆಂದರೆ ಅದು ಇಡೀ ದೇಹಕ್ಕೆ ರಕ್ತ ತಳ್ಳಬೇಕು. ಕೆಳತುದಿಯೂ ಎಡದ್ದೇ.

ಅಂಗಡಿಯವರಿಗೆ ಮೊದಲೇ ಹೇಳಿಡಿ: ಗೀರು ಹಾಕಬಾರದು, ಮೇಲಿನ ನಾಳಗಳನ್ನು ಎರಡು ಇಂಚಾದರೂ ಉಳಿಸಬೇಕು. ಬುಡಕ್ಕೇ ಕತ್ತರಿಸಿದರೆ ಅರ್ಧ ಪಾಠ ಅಲ್ಲೇ ಹೋಯಿತು. ಹೆಪ್ಪುಗಟ್ಟಿದ ರಕ್ತ ತೊಳೆದು, ಎಡ ಹೃತ್ಕುಕ್ಷಿಯಿಂದ ಹೊರಡುವ ದೊಡ್ಡ ನಾಳವಾದ ಮಹಾಪಧಮನಿಗೆ ನೀರು ಹೊಯ್ಯಿರಿ. ಅರ್ಧಚಂದ್ರ ಕವಾಟ ಮುಚ್ಚಿಕೊಂಡು ನೀರನ್ನು ತಡೆಯುತ್ತದೆ. ಮಕ್ಕಳು ಮರೆಯದ ದೃಶ್ಯ ಇದು, ಬಿಡಬೇಡಿ.

ನಂತರ ಮೊಂಡುತುದಿಯ ಕತ್ತರಿಯನ್ನು ಎಡ ಹೃತ್ಕರ್ಣದೊಳಗೆ (ಮೇಲಿನ ಕೋಣೆ) ಇಳಿಸಿ, ಹೊರ ಅಂಚಿನುದ್ದಕ್ಕೂ ಕೆಳತುದಿವರೆಗೆ ಕತ್ತರಿಸಿ. ದ್ವಿದಳ ಕವಾಟವೂ ಅದನ್ನು ಹಿಡಿದಿರುವ ಬಿಳಿ ನೂಲಿನಂಥ ಎಳೆಗಳೂ ಕಾಣುತ್ತವೆ. ನಡುವೆ ಸೀಳಿದಾಗ ಹರಿದದ್ದು ಇವೇ. ಬಲಭಾಗವನ್ನೂ ಹೀಗೆಯೇ ತೆರೆಯಿರಿ. ಅಲ್ಲಿ ತ್ರಿದಳ ಕವಾಟ.

ಕರಾವಳಿಯ ಸೆಕೆಗೆ ಮಾಂಸ ಬೇಗ ಕೆಡುತ್ತದೆ. ಬೆಳಿಗ್ಗೆ ತಂದು ಐಸ್ ಪೆಟ್ಟಿಗೆಯಲ್ಲಿಡಿ. ಫ್ರೀಜರ್ ಬೇಡ, ಕರಗಿದಾಗ ಸ್ನಾಯು ಮೆತ್ತಗಾಗಿ ಅಂಚುಗಳು ಸ್ಪಷ್ಟವಾಗಿ ಕಾಣವು. ಕೈಗವಸು ಹಾಕಿ, ಕೊನೆಗೆ ಸೋಪಿನಿಂದ ಕೈ ತೊಳೆಸಿ.