ಓದುಗರ ಪ್ರಶ್ನೆ: ಆಳ ಕಡಲಿನಲ್ಲಿ ಗಾಳಿಯಂತ್ರಕ್ಕೆ ಜಾಗ

ಪ್ರಶ್ನೆ: ಸ್ಕಾಟ್ಲೆಂಡಿನ ಕಡಲಿನಲ್ಲಿ ತೇಲುವ ಗಾಳಿಯಂತ್ರಗಳಿವೆಯಂತೆ. ನೂರು ಮೀಟರ್ ಆಳದಲ್ಲಿ ಅವಕ್ಕೆ ಜಾಗ ಆರಿಸುವುದು ಹೇಗೆ? ಗಾಳಿ ಜೋರಾಗಿದ್ದರೆ ಸಾಲದೆ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಸಾಲದು, ಗಾಳಿ ಮೊದಲ ಜರಡಿ ಮಾತ್ರ. ಆದರೂ ಅದರಲ್ಲಿ ಅಂದಾಜು ನಡೆಯದು. ಗಾಳಿಯ ವೇಗ ಸೆಕೆಂಡಿಗೆ 8 ಮೀಟರ್‌ನಿಂದ 10ಕ್ಕೇರಿದರೆ ಅದರ ಶಕ್ತಿ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಹಾಗಾಗಿ ಲೈಡಾರ್ (ಲೇಸರ್ ಕಿರಣದಿಂದ ಗಾಳಿಯ ವೇಗ ಅಳೆಯುವ ಸಾಧನ) ಹೊತ್ತ ಬೋಯೆಯನ್ನು ತೇಲಿಬಿಟ್ಟು ಕನಿಷ್ಠ ಒಂದು ಪೂರ್ತಿ ವರ್ಷ ಅಳೆಯಬೇಕು.

ಜಾಗ ಕೈತಪ್ಪುವುದು ಹೆಚ್ಚಾಗಿ ತಳದಲ್ಲಿ. ನೀವು ಹೇಳುವ ಯಂತ್ರಗಳ ತಾಣ, ಹೈವಿಂಡ್ ಸ್ಕಾಟ್ಲೆಂಡ್, ಅಲ್ಲಿನ ಪೀಟರ್‌ಹೆಡ್ ಪಟ್ಟಣದಿಂದ ಸುಮಾರು 25 ಕಿ.ಮೀ. ದೂರದಲ್ಲಿದೆ; 6 ಮೆಗಾವಾಟಿನ ಐದು ಯಂತ್ರಗಳು 2017ರಿಂದ ತಿರುಗುತ್ತಿವೆ. ಒಂದೊಂದಕ್ಕೂ ಮೂರು ಲಂಗರು. ಕೊಕ್ಕೆಯ ಲಂಗರಲ್ಲ, ಬೋರಲು ಹಾಕಿದ ಕೊಳಗದಂಥ ಉಕ್ಕಿನ ಸಿಲಿಂಡರು: ಸುಮಾರು 5 ಮೀಟರ್ ಅಗಲ, 16 ಮೀಟರ್ ಎತ್ತರ. ತನ್ನ ಭಾರಕ್ಕೇ ಒಂದಿಷ್ಟು ಹೂತ ಮೇಲೆ ಪಂಪಿನಿಂದ ಒಳಗಿನ ನೀರನ್ನು ಹೊರಹಾಕುತ್ತಾರೆ; ಆಗ ಹೊರಗಿನ ಒತ್ತಡವೇ ಅದನ್ನು ಕೆಳಕ್ಕೆ ಅದುಮುತ್ತದೆ. ಜೇಡಿ, ಮರಳಿನಲ್ಲಿ ಸಲೀಸು. ಗುಂಡುಕಲ್ಲು ಸಿಕ್ಕಿದರೆ ಅಂಚು ಸೊಟ್ಟಗಾಗಿ ಅರ್ಧದಲ್ಲೇ ನಿಲ್ಲುತ್ತದೆ. ಜಲ್ಲಿಯಿದ್ದರೆ ಸಂದಿಯಿಂದ ನೀರು ನುಗ್ಗಿ ಒತ್ತಡವೇ ಹಿಡಿಯದು. ಸೋನಾರ್ ನಕ್ಷೆಯನ್ನಷ್ಟೇ (ಶಬ್ದದ ಅಲೆ ಕಳಿಸಿ ತಯಾರಿಸಿದ ತಳದ ನಕ್ಷೆ) ನಂಬಬೇಡಿ. ಲಂಗರು ಕೂರುವಲ್ಲೇ ಕೊಳವೆ ಇಳಿಸಿ ಮಣ್ಣು ತೆಗೆದು ನೋಡಬೇಕು.

ಇನ್ನು ಬಂದರು. ನಮ್ಮ ಮಟ್ಟಿಗೆ ಇದನ್ನು ಗಾಳಿಯ ಜೊತೆಗೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೈವಿಂಡಿನ ತೇಲುಕಂಬ ನೀರಿನೊಳಗೆ ಸುಮಾರು 78 ಮೀಟರ್ ಇಳಿದಿದೆ. ಅದನ್ನು ನೆಟ್ಟಗೆ ನಿಲ್ಲಿಸಿ ಯಂತ್ರ ಕೂರಿಸಲು ಅದಕ್ಕೂ ಆಳವಾದ, ಅಲೆಯಿಲ್ಲದ ನೀರು ಬೇಕು. ಆ ಕೆಲಸ ನಡೆದದ್ದು ನಾರ್ವೆಯ ಫಿಯೋರ್ಡಿನಲ್ಲಿ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಆಳ ಕಡಲತೋಳಿನಲ್ಲಿ; 2024ರಲ್ಲಿ ದೊಡ್ಡ ದುರಸ್ತಿಗೂ ನಾರ್ವೆಗೇ ಎಳೆದೊಯ್ದರು. ಅಂಥ ನೀರು ಹತ್ತಿರವಿಲ್ಲದಿದ್ದರೆ ಕಡಿಮೆ ಇಳಿಯುವ, ಮೂರು ಕಂಬದ ತೆಪ್ಪದಂಥ ವಿನ್ಯಾಸವೇ ಸರಿ.

ಟ್ರಾಲ್ ಬೋಟುಗಳ ದಾರಿಯನ್ನೂ ಮೊದಲೇ ಗುರುತಿಸಬೇಕು. ಲಂಗರಿನ ಸರಪಳಿಗಳು ಯಂತ್ರದಿಂದ ನೂರಾರು ಮೀಟರ್ ಆಚೆವರೆಗೂ ಹರಡಿರುತ್ತವೆ. ಬಲೆ ಸಿಕ್ಕಿಕೊಂಡರೆ ದೋಣಿಗೂ ಅಪಾಯ, ಕೇಬಲ್ಲಿಗೂ ಅಪಾಯ.

ಪ್ರಶ್ನೆ: ನಮ್ಮ ಕರಾವಳಿಗೆ ಇದು ಯಾವಾಗ?
– ಇನ್ನೊಬ್ಬ ಓದುಗರು, ಕಾರವಾರ

ಉತ್ತರ: ಸದ್ಯಕ್ಕಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಸಹಾಯಧನಕ್ಕೆ ಒಪ್ಪಿದ್ದು ಗುಜರಾತ್, ತಮಿಳುನಾಡು ಕಡಲಿನ ತಲಾ 500 ಮೆಗಾವಾಟಿಗೆ. ನಮ್ಮಲ್ಲಿ ಮಳೆಗಾಲ ಮುಗಿಯುತ್ತಲೇ ಗಾಳಿ ಸೊರಗುತ್ತದೆ.